ಲಾಗಿನ್ ಕೀಲಿಯ ತೊಡಕಿನಿಂದ ಸೇವೆ ವಿಳಂಬವಾದಾಗ: ಅರ್ಜಿದಾರರ ತಿಳುವಳಿಕೆಗಾಗಿ

ಪೀಠಿಕೆ

ಜಾತಿ, ಆದಾಯ ಮತ್ತು ವಾಸಸ್ಥಳ ಪ್ರಮಾಣಪತ್ರ, ಪಹಣಿ, ಸಾಮಾಜಿಕ ಭದ್ರತಾ ಪಿಂಚಣಿ ಮೊದಲಾದ ಸೇವೆಗಳಿಗಾಗಿ ನಾಡಕಚೇರಿ ಹಾಗೂ ತಾಲ್ಲೂಕು ಕಚೇರಿಗಳಿಗೆ ಬರುವ ಸಾರ್ವಜನಿಕರು "ಲಾಗಿನ್ ಆಗುತ್ತಿಲ್ಲ", "ಸಾಹೇಬರ ಡೋಂಗಲ್ ತೆಗೆದುಕೊಳ್ಳುತ್ತಿಲ್ಲ", "ಸರ್ವರ್ ಡೌನ್ ಇದೆ" ಎಂಬ ಉತ್ತರಗಳನ್ನು ಕೇಳಿರುತ್ತಾರೆ. ಈ ಮೂರು ಮಾತುಗಳು ಒಂದೇ ಅರ್ಥವನ್ನು ಕೊಡುವುದಿಲ್ಲ. ಮೊದಲನೆಯ ತೊಡಕು ಕೆಲವು ನಿಮಿಷಗಳಲ್ಲಿ ಸರಿಹೋಗಬಹುದು. ಎರಡನೆಯದಕ್ಕೆ ಕೆಲವು ದಿನಗಳೇ ಬೇಕಾಗಬಹುದು. ಮೂರನೆಯದು ಆ ಕಚೇರಿಯ ಕೈಯಲ್ಲಿ ಇಲ್ಲದಿರಬಹುದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಗ್ರಾಮಗಳಿಂದ ಕೂಲಿ ಬಿಟ್ಟು, ಬಸ್ಸಿನ ಖರ್ಚು ಮಾಡಿಕೊಂಡು ಬರುವ ಅರ್ಜಿದಾರರಿಗೆ ಈ ವ್ಯತ್ಯಾಸ ತಿಳಿದಿದ್ದಲ್ಲಿ ಅನಗತ್ಯವಾಗಿ ಪುನಃ ಪುನಃ ಅಲೆಯುವುದು ತಪ್ಪುತ್ತದೆ. ಲಾಗಿನ್ ಕೀಲಿ ಎಂದರೇನು, ಅದು ಯಾವ ಕಾರಣಗಳಿಂದ ಕೆಲಸ ಮಾಡುವುದಿಲ್ಲ, ಅಂತಹ ಸಂದರ್ಭದಲ್ಲಿ ಅರ್ಜಿದಾರರು ಏನನ್ನು ಕೇಳಬೇಕು ಹಾಗೂ ಏನನ್ನು ಕೇಳಬಾರದು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ಕಚೇರಿಯ ಗಣಕಜಾಲದ ಸ್ವರೂಪ

ಕಂದಾಯ ಇಲಾಖೆಯ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ಯೋಜನೆಯ ಆರಂಭದ ವರ್ಷಗಳಲ್ಲಿ ಪ್ರತಿ ತಾಲ್ಲೂಕು ಕಚೇರಿಯಲ್ಲಿಯೇ ಸರ್ವರ್ ಇರುತ್ತಿತ್ತು. ತದನಂತರ ದತ್ತಾಂಶವನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಕೇಂದ್ರೀಕರಿಸಲಾಯಿತು. ಕಚೇರಿಗಳು ಕೆಸ್ವಾನ್ ಎಂದು ಕರೆಯಲಾಗುವ ಕರ್ನಾಟಕ ರಾಜ್ಯ ವ್ಯಾಪಕ ಜಾಲ ಅಥವಾ ಇತರ ಸಂಪರ್ಕಗಳ ಮೂಲಕ ಈ ಕೇಂದ್ರವನ್ನು ತಲುಪುತ್ತವೆ. ಹೋಬಳಿ ಮಟ್ಟದಲ್ಲಿ 2006ರಲ್ಲಿ ನೆಮ್ಮದಿ ಕೇಂದ್ರಗಳು ಹಾಗೂ 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ಆರಂಭವಾದವು.

ಇಂತಹ ವ್ಯವಸ್ಥೆಯಲ್ಲಿ ಮೇಜಿನ ಮೇಲಿನ ಯಂತ್ರದ ಪಾತ್ರ ಕಿರಿದು. ಥಿನ್ ಕ್ಲೈಂಟ್ ಎಂಬ ಯಂತ್ರದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅದರಲ್ಲಿ ಕಡತಗಳನ್ನು ಉಳಿಸಿಕೊಳ್ಳುವ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಇರುವುದಿಲ್ಲ. ಅನೇಕ ಜಾಲಗಳಲ್ಲಿ ಅದು ಆರಂಭವಾಗುವುದಕ್ಕೆ ಬೇಕಾದ ತಂತ್ರಾಂಶವೂ ಸರ್ವರ್‌ನಿಂದಲೇ ಬರುತ್ತದೆ. ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಸರ್ವರ್‌ಗೆ ಹೋಗುತ್ತದೆ, ಸರ್ವರ್ ಸಿದ್ಧಪಡಿಸಿದ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಮೇಜಿನ ಮೇಲೆ ಪೂರ್ಣ ಪ್ರಮಾಣದ ಗಣಕಯಂತ್ರವಿದ್ದರೂ, ದಾಖಲೆಗಳು ದೂರದ ಸರ್ವರ್‌ನಲ್ಲಿರುವ ಕಚೇರಿಗಳಲ್ಲಿ ಪರಿಸ್ಥಿತಿ ಬಹುಮಟ್ಟಿಗೆ ಇದೇ ಆಗಿರುತ್ತದೆ.

ಇದರಿಂದ ಆಗುವ ಅನುಕೂಲ ಸಣ್ಣದಲ್ಲ. ಆಗಸ್ಟ್ 2019ರಲ್ಲಿ ಕೃಷ್ಣಾ ನದಿ ಹಾಗೂ ಅದರ ಉಪನದಿಗಳ ಪ್ರವಾಹ ಈ ಭಾಗದ ಗ್ರಾಮಗಳನ್ನು ಆವರಿಸಿದಂತಹ ಸಂದರ್ಭಗಳಲ್ಲಿ, ಕಚೇರಿಗೆ ನೀರು ನುಗ್ಗಿದರೂ ದತ್ತಾಂಶ ಕೇಂದ್ರದಲ್ಲಿರುವ ದಾಖಲೆಗೆ ಧಕ್ಕೆ ಆಗುವುದಿಲ್ಲ. ಆದರೆ ಇದರ ಮತ್ತೊಂದು ಪರಿಣಾಮವೂ ಇದೆ. ಮೇಜಿನ ಮೇಲಿನ ಯಂತ್ರದಲ್ಲಿ ಏನೂ ಇರುವುದಿಲ್ಲವಾದ್ದರಿಂದ ಸರ್ವರ್‌ನ ಬಾಗಿಲು ತೆರೆಯದ ಹೊರತು ಯಾವ ಕೆಲಸವೂ ನಡೆಯುವುದಿಲ್ಲ. ಆ ಬಾಗಿಲನ್ನು ತೆರೆಯುವುದೇ ಲಾಗಿನ್ ಕೀಲಿ.

2. ಲಾಗಿನ್ ಕೀಲಿ ಎಂದರೇನು

ಕಚೇರಿಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಕೀಲಿಗಳು ಬಳಕೆಯಲ್ಲಿವೆ.

(ಅ) ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್. ಇದರೊಡನೆ ಮೊಬೈಲ್‌ಗೆ ಬರುವ ಓಟಿಪಿಯನ್ನು ಕೇಳುವುದೂ ಉಂಟು.

(ಆ) ಬೆರಳಚ್ಚು. ಪಾಸ್‌ವರ್ಡನ್ನು ಒಬ್ಬರು ಮತ್ತೊಬ್ಬರಿಗೆ ಹೇಳಬಹುದು, ನಂತರ "ಆ ಬದಲಾವಣೆ ಮಾಡಿದ್ದು ನಾನಲ್ಲ" ಎನ್ನಬಹುದು. ಪಹಣಿಯಲ್ಲಿ ಒಂದು ಹೆಸರು ಬದಲಾದರೆ ಒಂದು ಕುಟುಂಬದ ಜಮೀನೇ ವಿವಾದಕ್ಕೆ ಒಳಗಾಗುತ್ತದೆ. ಆದಕಾರಣ ಭೂಮಿ ತಂತ್ರಾಂಶದಲ್ಲಿ ಅಧಿಕಾರಿ ಹಾಗೂ ಸಿಬ್ಬಂದಿಯ ಬೆರಳಚ್ಚಿನ ಮೂಲಕ ಲಾಗಿನ್ ಮಾಡುವ ವ್ಯವಸ್ಥೆಯನ್ನು ಅಳವಡಿಸಲಾಯಿತು. ಯಾವ ಬದಲಾವಣೆಯನ್ನು ಯಾರು ಮಾಡಿದರು ಎಂಬುದನ್ನು ದಾಖಲಿಸುವುದೇ ಇದರ ಉದ್ದೇಶ.

(ಇ) ಡಿಜಿಟಲ್ ಸಹಿಯ ಕೀಲಿ. ಕಚೇರಿಗಳಲ್ಲಿ ಡೋಂಗಲ್ ಎಂದೇ ಕರೆಯಲಾಗುವ, ಯುಎಸ್‌ಬಿ ರಂಧ್ರಕ್ಕೆ ಸಿಕ್ಕಿಸುವ ಕಿರು ಸಾಧನದಲ್ಲಿ ಇದು ಇರುತ್ತದೆ. ಇದು ವಾಸ್ತವವಾಗಿ ಎರಡು ಕೀಲಿಗಳ ಜೋಡಿ. ಖಾಸಗಿ ಕೀಲಿ ಡೋಂಗಲ್‌ನ ಒಳಗೇ ಇದ್ದು ಹೊರಬರುವುದಿಲ್ಲ. ಅದನ್ನು ಬಳಸಲು ಅಧಿಕಾರಿಯ ಪಿನ್ ಸಂಖ್ಯೆ ಬೇಕು. ಸಾರ್ವಜನಿಕ ಕೀಲಿ ಎಲ್ಲರಿಗೂ ಲಭ್ಯ. ಖಾಸಗಿ ಕೀಲಿಯಿಂದ ಮಾಡಿದ ಸಹಿಯನ್ನು ಸಾರ್ವಜನಿಕ ಕೀಲಿಯಿಂದ ಯಾರು ಬೇಕಾದರೂ ಪರಿಶೀಲಿಸಬಹುದು. ಸಹಿಯಾದ ನಂತರ ಆದಾಯದ ಮೊತ್ತದಲ್ಲಿ ಒಂದು ಅಂಕಿ ಬದಲಾದರೂ ಪರಿಶೀಲನೆಯಲ್ಲಿ ಅದು ಬಯಲಾಗುತ್ತದೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000 ಇಂತಹ ಸಹಿಗೆ ಕಾನೂನಿನ ಮಾನ್ಯತೆ ನೀಡಿದೆ.

3. ತೊಡಕು ಎಲ್ಲಿದೆ ಎಂದು ತಿಳಿಯುವ ಬಗೆ

ತೊಡಕಿನ ಸ್ಥಳವನ್ನು ಗುರುತಿಸಲು ತಂತ್ರಜ್ಞಾನದ ಪರಿಣತಿ ಬೇಕಾಗಿಲ್ಲ. ಯಾರಿಗೆ ಲಾಗಿನ್ ಆಗುತ್ತಿಲ್ಲ ಎಂಬ ಒಂದೇ ಪ್ರಶ್ನೆಯಿಂದ ಬಹುಮಟ್ಟಿಗೆ ತಿಳಿಯುತ್ತದೆ.

– ಒಂದು ಯಂತ್ರದಲ್ಲಿ ಮಾತ್ರ ಆಗುತ್ತಿಲ್ಲ, ಪಕ್ಕದ ಯಂತ್ರದಲ್ಲಿ ಅದೇ ವ್ಯಕ್ತಿಗೆ ಆಗುತ್ತಿದೆ ಎಂದಾದರೆ ತೊಡಕು ಆ ಯಂತ್ರದಲ್ಲಿ, ಅದರ ತಂತಿಯಲ್ಲಿ ಅಥವಾ ಯುಎಸ್‌ಬಿ ರಂಧ್ರದಲ್ಲಿದೆ.
– ಒಬ್ಬ ವ್ಯಕ್ತಿಗೆ ಯಾವ ಯಂತ್ರದಲ್ಲಿಯೂ ಆಗುತ್ತಿಲ್ಲ, ಇತರರಿಗೆ ಆಗುತ್ತಿದೆ ಎಂದಾದರೆ ತೊಡಕು ಆ ವ್ಯಕ್ತಿಯ ಕೀಲಿಯಲ್ಲಿ ಅಥವಾ ಖಾತೆಯಲ್ಲಿದೆ.
– ಯಾರಿಗೂ, ಯಾವ ಯಂತ್ರದಲ್ಲಿಯೂ ಆಗುತ್ತಿಲ್ಲ ಎಂದಾದರೆ ತೊಡಕು ಸಂಪರ್ಕ ಜಾಲದಲ್ಲಿ ಅಥವಾ ಸರ್ವರ್‌ನಲ್ಲಿದೆ.

ಮೊದಲನೆಯ ಸಂದರ್ಭದಲ್ಲಿ ಅರ್ಜಿದಾರರು ಸ್ವಲ್ಪ ಕಾಲ ಕಾಯುವುದು ಸೂಕ್ತ. ಎರಡನೆಯ ಸಂದರ್ಭದಲ್ಲಿ ಕೀಲಿ ಎಂದು ಸಿದ್ಧವಾಗುತ್ತದೆ ಎಂದು ಕೇಳಿ ತಿಳಿದುಕೊಳ್ಳಬೇಕು. ಮೂರನೆಯ ಸಂದರ್ಭದಲ್ಲಿ ಸಂಪರ್ಕ ಎಂದು ಮರಳುತ್ತದೆ ಎಂಬುದನ್ನು ಕಚೇರಿಯ ಸಿಬ್ಬಂದಿಯೂ ಖಚಿತವಾಗಿ ಹೇಳಲಾರರು. ಆದ್ದರಿಂದ ದೂರದ ಗ್ರಾಮದವರು ಹೊರಡುವ ಮುನ್ನ ದೂರವಾಣಿಯ ಮೂಲಕ ವಿಚಾರಿಸಿಕೊಂಡು ಬರುವುದು ಒಳಿತು.

4. ಸಾಮಾನ್ಯ ತೊಡಕುಗಳು, ಕಾರಣ ಮತ್ತು ಪರಿಹಾರ

4.1 ಡೋಂಗಲ್ ಗುರುತಿಸಲ್ಪಡದಿರುವುದು: ಸಾಮಾನ್ಯ ಗಣಕದಲ್ಲಿ ಡೋಂಗಲ್ ಮತ್ತು ತಂತ್ರಾಂಶ ಒಂದೇ ಯಂತ್ರದಲ್ಲಿರುತ್ತವೆ. ಥಿನ್ ಕ್ಲೈಂಟ್‌ನಲ್ಲಿ ಡೋಂಗಲ್ ಮೇಜಿನ ಬಳಿ ಇದ್ದು, ಅದನ್ನು ಓದಬೇಕಾದ ತಂತ್ರಾಂಶ ಸರ್ವರ್‌ನಲ್ಲಿ ನಡೆಯುತ್ತಿರಬಹುದು. ಆಗ ಡೋಂಗಲ್‌ನ ಸಂಕೇತಗಳನ್ನು ಜಾಲದ ಮೂಲಕ ಸರ್ವರ್‌ಗೆ ತಲುಪಿಸುವ ಏರ್ಪಾಡು ಇರಬೇಕು, ಅದಕ್ಕೆ ಸಂಬಂಧಿಸಿದ ಚಾಲಕ ತಂತ್ರಾಂಶವೂ ಸರಿಯಾಗಿರಬೇಕು. ಇಲ್ಲವಾದಲ್ಲಿ ಡೋಂಗಲ್‌ನ ದೀಪ ಉರಿಯುತ್ತಿದ್ದರೂ ಪರದೆಯ ಮೇಲೆ "ಸಾಧನ ಕಂಡುಬಂದಿಲ್ಲ" ಎಂಬ ಅರ್ಥದ ಸಂದೇಶ ಬರುತ್ತದೆ. ಸಿಬ್ಬಂದಿ ಪೂರ್ಣವಾಗಿ ಲಾಗ್ ಔಟ್ ಮಾಡಿ, ಡೋಂಗಲನ್ನು ಬೇರೆ ರಂಧ್ರಕ್ಕೆ ಸಿಕ್ಕಿಸಿ, ನಂತರ ಪುನಃ ಲಾಗಿನ್ ಮಾಡಿ ನೋಡುವುದು ಮೊದಲ ಹೆಜ್ಜೆ. ಆಗಲೂ ಗುರುತಿಸದಿದ್ದಲ್ಲಿ ತಾಂತ್ರಿಕ ಸಹಾಯಕರು ಬೇಕಾಗುತ್ತದೆ.

4.2 ಪಿನ್ ಬಂದ್ ಆಗಿರುವುದು: ತಪ್ಪು ಪಿನ್ ಸಂಖ್ಯೆಯನ್ನು ನಿಗದಿತ ಸಲಕ್ಕಿಂತ ಹೆಚ್ಚು ಬಾರಿ ನಮೂದಿಸಿದಲ್ಲಿ ಡೋಂಗಲ್ ತನ್ನನ್ನು ತಾನೇ ಬಂದ್ ಮಾಡಿಕೊಳ್ಳುತ್ತದೆ. ಕಳುವಾದ ಡೋಂಗಲನ್ನು ಬೇರೆಯವರು ಊಹೆಯಿಂದ ತೆರೆಯದಂತೆ ತಡೆಯಲು ಈ ರಕ್ಷಣೆ ಇದೆ. ಇದನ್ನು ತೆರೆಯಲು ನಿಗದಿತ ವಿಧಾನವಿದ್ದು, ಅವಸರದಲ್ಲಿ ಡೋಂಗಲನ್ನು ಫಾರ್ಮ್ಯಾಟ್ ಮಾಡಿದಲ್ಲಿ ಒಳಗಿನ ಖಾಸಗಿ ಕೀಲಿಯೇ ಅಳಿದುಹೋಗುತ್ತದೆ. ಆಗ ಹೊಸ ಪ್ರಮಾಣಪತ್ರ ಪಡೆಯದೆ ಅನ್ಯ ಮಾರ್ಗವಿಲ್ಲ.

4.3 ಅವಧಿ ಮುಗಿದಿರುವುದು: ಡಿಜಿಟಲ್ ಸಹಿ ಪ್ರಮಾಣಪತ್ರವನ್ನು ಪರವಾನಗಿ ಪಡೆದ ಪ್ರಮಾಣೀಕರಣ ಸಂಸ್ಥೆಗಳು ನಿರ್ದಿಷ್ಟ ಅವಧಿಗೆ ಮಾತ್ರ ನೀಡುತ್ತವೆ. ಅವಧಿ ಮುಗಿದ ಮರುದಿನದಿಂದ ಹೊಸ ಸಹಿ ಮಾಡಲಾಗದು. ನವೀಕರಣಕ್ಕೆ ಅಧಿಕಾರಿಯ ಗುರುತಿನ ಪರಿಶೀಲನೆ ಆಗಬೇಕಾದ್ದರಿಂದ ಇದು ಆ ಕ್ಷಣದಲ್ಲಿ ಮುಗಿಯುವ ಕೆಲಸವಲ್ಲ. ಅವಧಿಯೊಳಗೆ ಸಹಿಯಾಗಿರುವ ಅರ್ಜಿದಾರರ ಪ್ರಮಾಣಪತ್ರಗಳು ಅಧಿಕಾರಿಯ ಡೋಂಗಲ್‌ನ ಅವಧಿ ಮುಗಿದ ಮಾತ್ರಕ್ಕೆ ಅಸಿಂಧುವಾಗುವುದಿಲ್ಲ.

4.4 ಅಧಿಕಾರಿಯ ವರ್ಗಾವಣೆ: ಹಿಂದಿನ ಅಧಿಕಾರಿಯ ಕೀಲಿಯಿಂದ ಹೊಸ ಅಧಿಕಾರಿ ಸಹಿ ಮಾಡುವಂತಿಲ್ಲ. ಹೊಸ ಅಧಿಕಾರಿಯ ಪ್ರಮಾಣಪತ್ರವನ್ನು ತಂತ್ರಾಂಶದಲ್ಲಿ ಅವರ ಹುದ್ದೆ ಹಾಗೂ ಖಾತೆಯೊಂದಿಗೆ ಜೋಡಿಸಬೇಕು. ಜೋಡಣೆ ಆಗುವವರೆಗೆ ಡೋಂಗಲ್ ಸರಿಯಾಗಿದ್ದರೂ ಸಹಿ ಸ್ವೀಕಾರವಾಗುವುದಿಲ್ಲ.

4.5 ಗಡಿಯಾರದ ವ್ಯತ್ಯಾಸ: ಮೇಜಿನ ಯಂತ್ರದ ಒಳಗಿನ ಸಣ್ಣ ಬ್ಯಾಟರಿ ದುರ್ಬಲವಾದಲ್ಲಿ, ವಿದ್ಯುತ್ ಹೋಗಿ ಬಂದಾಗ ಅದರ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಬಹುದು. ಪ್ರಮಾಣಪತ್ರದ ಆರಂಭ ದಿನಾಂಕ ಇನ್ನೂ ಬಂದಿಲ್ಲವೆಂದು ಯಂತ್ರ ಭಾವಿಸಿ ಕೀಲಿಯನ್ನು ತಿರಸ್ಕರಿಸುತ್ತದೆ. ಕೆರ್ಬೆರೋಸ್ ಎಂಬ ಲಾಗಿನ್ ವಿಧಾನವನ್ನು ಬಳಸುವ ಜಾಲಗಳಲ್ಲಿ ಸರ್ವರ್ ಹಾಗೂ ಯಂತ್ರದ ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ದಿನಾಂಕ ಮತ್ತು ಸಮಯವನ್ನು ಸರಿಪಡಿಸಿದಲ್ಲಿ ತೊಡಕು ನಿವಾರಣೆಯಾಗುತ್ತದೆ.

4.6 ಸರ್ವರ್‌ನ ಗುರುತು ಬದಲಾಗಿರುವುದು: ಬಳಕೆದಾರರಿಗೆ ಮಾತ್ರವಲ್ಲದೆ ಸರ್ವರ್‌ಗೂ ತನ್ನದೇ ಆದ ಗುರುತಿನ ಕೀಲಿ ಇರುತ್ತದೆ. ತಾನು ಪಾಸ್‌ವರ್ಡ್ ಕಳುಹಿಸುತ್ತಿರುವುದು ನಿಜವಾದ ಸರ್ವರ್‌ಗೆ ಹೊರತು ಮಧ್ಯದಲ್ಲಿ ಹೊಂಚುಹಾಕಿದವರಿಗಲ್ಲ ಎಂಬುದನ್ನು ಯಂತ್ರ ಈ ಕೀಲಿಯಿಂದ ಖಚಿತಪಡಿಸಿಕೊಳ್ಳುತ್ತದೆ. ಸರ್ವರನ್ನು ಬದಲಾಯಿಸಿದಾಗ ಅಥವಾ ತಂತ್ರಾಂಶವನ್ನು ಮರುಸ್ಥಾಪಿಸಿದಾಗ ಅದರ ಕೀಲಿಯೂ ಬದಲಾಗಬಹುದು. ಎಲ್‌ಟಿಎಸ್‌ಪಿಯಂತಹ ಮುಕ್ತ ತಂತ್ರಾಂಶದ ಥಿನ್ ಕ್ಲೈಂಟ್ ಜಾಲಗಳಲ್ಲಿ, ಎಲ್ಲ ಯಂತ್ರಗಳೂ ಆರಂಭವಾಗುವ ಸಾಮಾನ್ಯ ಪ್ರತಿಯಲ್ಲಿ ಸರ್ವರ್‌ನ ಹಳೆಯ ಗುರುತು ಉಳಿದುಕೊಂಡಿದ್ದರೆ, ಪಾಸ್‌ವರ್ಡ್ ಸರಿಯಿದ್ದರೂ ಎಲ್ಲ ಯಂತ್ರಗಳೂ ಒಮ್ಮೆಲೇ ಲಾಗಿನ್ ನಿರಾಕರಿಸುತ್ತವೆ. ಜಾಲದ ಆಡಳಿತಗಾರರು ಬದಲಾವಣೆ ಅಧಿಕೃತವೇ ಎಂದು ಖಚಿತಪಡಿಸಿಕೊಂಡು ಹೊಸ ಗುರುತನ್ನು ಆ ಪ್ರತಿಯಲ್ಲಿ ಸೇರಿಸಬೇಕು. ಎಚ್ಚರಿಕೆಯ ಸಂದೇಶವನ್ನು ಕಡೆಗಣಿಸಿ ಮುಂದುವರಿಯುವುದು ಪರಿಹಾರವಲ್ಲ.

4.7 ಹಿಂದಿನ ಲಾಗಿನ್ ಉಳಿದುಕೊಂಡಿರುವುದು: ಕೆಲಸದ ನಡುವೆ ವಿದ್ಯುತ್ ಹೋದಾಗ ಮೇಜಿನ ಯಂತ್ರ ನಿಂತರೂ ಸರ್ವರ್‌ನಲ್ಲಿ ಆ ವ್ಯಕ್ತಿಯ ಲಾಗಿನ್ ಜೀವಂತವಾಗಿರುತ್ತದೆ. ಮತ್ತೆ ಪ್ರಯತ್ನಿಸಿದಾಗ "ಬಳಕೆದಾರರು ಈಗಾಗಲೇ ಲಾಗಿನ್ ಆಗಿದ್ದಾರೆ" ಎಂಬ ಸಂದೇಶ ಬರಬಹುದು. ನಿಗದಿತ ಸಮಯದ ನಂತರ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ ಅಥವಾ ಆಡಳಿತಗಾರರು ಅದನ್ನು ಮುಚ್ಚಬೇಕಾಗುತ್ತದೆ.

5. ಕೀಲಿಯನ್ನು ಎರವಲು ಕೇಳಬಾರದು, ಕೊಡಬಾರದು

ಅಧಿಕಾರಿಯವರು ಸಭೆಗೆ ಹೋಗಿರುವಾಗ "ಡೋಂಗಲ್ ಇಲ್ಲಿಯೇ ಇದೆಯಲ್ಲ, ನೀವೇ ಹಾಕಿಬಿಡಿ" ಎಂದು ಅರ್ಜಿದಾರರು ಸಿಬ್ಬಂದಿಯನ್ನು ಒತ್ತಾಯಿಸುವುದು ಉಂಟು. ಅರ್ಜಿದಾರರ ತುರ್ತು ಸಹಜವಾದದ್ದೇ. ಆದರೂ ಇದು ಕೂಡದು. ಮಾಹಿತಿ ತಂತ್ರಜ್ಞಾನ ಅಧಿನಿಯಮದ 42ನೇ ಪ್ರಕರಣದಂತೆ ಖಾಸಗಿ ಕೀಲಿಯನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳಲು ಸೂಕ್ತ ಎಚ್ಚರ ವಹಿಸುವುದು ಕೀಲಿಯ ಒಡೆಯರ ಕರ್ತವ್ಯ. ಕೀಲಿಗೆ ಧಕ್ಕೆಯಾದಲ್ಲಿ ಪ್ರಮಾಣೀಕರಣ ಸಂಸ್ಥೆಗೆ ವಿಳಂಬವಿಲ್ಲದೆ ತಿಳಿಸುವುದೂ ಅವರ ಹೊಣೆ. ಮತ್ತೊಬ್ಬರ ವಿದ್ಯುನ್ಮಾನ ಸಹಿ ಅಥವಾ ಪಾಸ್‌ವರ್ಡನ್ನು ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ ಬಳಸಿದವರಿಗೆ 66ಸಿ ಪ್ರಕರಣದಡಿ 3 ವರ್ಷಗಳವರೆಗೆ ಕಾರಾವಾಸ ಹಾಗೂ 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ.

ಒಬ್ಬರಿಗೆ ಉಪಕಾರವೆಂದು ಎರವಲು ಕೊಟ್ಟ ಕೀಲಿಯಿಂದಲೇ ಮತ್ತೊಬ್ಬರಿಗೆ ಸುಳ್ಳು ಪ್ರಮಾಣಪತ್ರವೂ ಹೊರಡಬಹುದು. ಆಗ ಅರ್ಹ ಅರ್ಜಿದಾರರ ಪತ್ರದ ಮೇಲೂ ಅನುಮಾನ ಮೂಡುತ್ತದೆ. ಅಧಿಕಾರಿ ತಾವೇ ಸಹಿ ಮಾಡಿದ್ದಾರೆಂಬ ಭರವಸೆಯೇ ಪ್ರಮಾಣಪತ್ರದ ಬೆಲೆ.

6. ಅರ್ಜಿದಾರರು ಮಾಡಬೇಕಾದದ್ದು

ಲಾಗಿನ್ ತೊಡಕು ಅರ್ಜಿಯ ಯಾವ ಹಂತದಲ್ಲಿ ಎದುರಾಯಿತು ಎಂಬುದು ಬಹಳ ಮುಖ್ಯ.

6.1 ಅರ್ಜಿ ಸ್ವೀಕರಿಸುವ ಹಂತದಲ್ಲಿ: ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರಡಿ ನಿಗದಿತ ಅವಧಿಯ ಎಣಿಕೆ ಅರ್ಜಿ ಸ್ವೀಕೃತವಾದ ನಂತರವೇ ಆರಂಭವಾಗುತ್ತದೆ. ಸ್ವೀಕೃತಿ ಸಂಖ್ಯೆ ಇಲ್ಲದೆ "ನಾಳೆ ಬನ್ನಿ" ಎಂಬ ಮಾತನ್ನು ನಂಬಿ ಹಿಂದಿರುಗಿದಲ್ಲಿ ಆ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಉದಾಹರಣೆಗೆ, ಅಲಖನೂರದ ವಿದ್ಯಾರ್ಥಿಯೊಬ್ಬರಿಗೆ ಕಾಲೇಜು ಪ್ರವೇಶಕ್ಕಾಗಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾಗಿದ್ದು, ನಾಡಕಚೇರಿಯಲ್ಲಿ ಆ ದಿನ ಲಾಗಿನ್ ಆಗದಿದ್ದಲ್ಲಿ, ಗ್ರಾಮ ಒನ್ ಕೇಂದ್ರದ ಮೂಲಕ ಅಥವಾ ನಾಡಕಚೇರಿಯ ಆನ್‌ಲೈನ್ ಜಾಲತಾಣದ ಮೂಲಕ ಅದೇ ದಿನ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ಒಂದು ಕಚೇರಿಯ ಯಂತ್ರದ ತೊಡಕು ಈ ಮಾರ್ಗಗಳನ್ನು ತಡೆಯುವುದಿಲ್ಲ.

6.2 ಅನುಮೋದನೆಯ ಹಂತದಲ್ಲಿ: ಗ್ರಾಮ ಆಡಳಿತ ಅಧಿಕಾರಿ ಹಾಗೂ ಕಂದಾಯ ನಿರೀಕ್ಷಕರ ವರದಿ ಮುಗಿದು, ಉಪ ತಹಶೀಲ್ದಾರ್ ಅಥವಾ ತಹಶೀಲ್ದಾರ್ ಅವರ ಡಿಜಿಟಲ್ ಸಹಿಗಾಗಿ ಮಾತ್ರ ಅರ್ಜಿ ಉಳಿದಿದ್ದಲ್ಲಿ, ಹೊಸದಾಗಿ ಅರ್ಜಿ ಸಲ್ಲಿಸಬಾರದು. ಹೊಸ ಅರ್ಜಿ ಪುನಃ ಮೊದಲ ಹಂತದಿಂದ ಸಾಗಬೇಕಾಗುತ್ತದೆ. ಸ್ವೀಕೃತಿ ಸಂಖ್ಯೆಯಿಂದ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಿ, ಅದು ಯಾರ ಬಳಿ ಬಾಕಿ ಇದೆ ಎಂದು ತಿಳಿದುಕೊಳ್ಳಬೇಕು.

6.3 ಕಚೇರಿಯಲ್ಲಿ ಈ ಮೂರು ವಿಷಯಗಳನ್ನು ವಿನಯದಿಂದ ಕೇಳಬಹುದು: ತೊಡಕು ಯಂತ್ರದಲ್ಲಿದೆಯೇ, ಅಧಿಕಾರಿಯ ಕೀಲಿಯಲ್ಲಿದೆಯೇ ಅಥವಾ ಸರ್ವರ್‌ನಲ್ಲಿದೆಯೇ? ಅದನ್ನು ಸಂಬಂಧಪಟ್ಟ ತಾಂತ್ರಿಕ ಸಿಬ್ಬಂದಿಗೆ ತಿಳಿಸಲಾಗಿದೆಯೇ? ಪ್ರಮಾಣಪತ್ರ ನೀಡಲು ಅಧಿಕಾರ ಹೊಂದಿರುವ ಬೇರೆ ಅಧಿಕಾರಿ ಪ್ರಭಾರದಲ್ಲಿ ಇದ್ದಾರೆಯೇ?

6.4 ನಿಗದಿತ ಅವಧಿ ಮೀರಿದಲ್ಲಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸುವ ಹಾಗೂ ಅಲ್ಲಿಯೂ ಪರಿಹಾರ ದೊರೆಯದಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರವನ್ನು ಕೋರುವ ಹಕ್ಕು ಅರ್ಜಿದಾರರಿಗಿದೆ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಗಳ ಪರಿಹಾರ ವೆಚ್ಚಕ್ಕೆ ಅಧಿನಿಯಮದಲ್ಲಿ ಅವಕಾಶವಿದೆ. ಪದೇ ಪದೇ ಎದುರಾಗುವ ತೊಂದರೆಗಳ ಬಗ್ಗೆ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ನೀಡಬಹುದು.

7. ಅರ್ಜಿದಾರರ ಸ್ವಂತ ಕೀಲಿಗಳು

ಅಧಿಕಾರಿಗೆ ಡೋಂಗಲ್ ಇರುವಂತೆ ಅರ್ಜಿದಾರರಿಗೆ ಅವರ ಬೆರಳಚ್ಚು, ಪಾಸ್‌ವರ್ಡ್ ಹಾಗೂ ಮೊಬೈಲ್‌ಗೆ ಬರುವ ಓಟಿಪಿ ಕೀಲಿಗಳಾಗಿವೆ. ಕಬ್ಬು ಕಡಿಯುವವರು, ತಂಬಾಕು ಮತ್ತು ಬೀಡಿ ಕೆಲಸದವರು ಹಾಗೂ ವೃದ್ಧರ ಬೆರಳ ಗೆರೆಗಳು ಸವೆದಿದ್ದು, ಆಧಾರ್ ದೃಢೀಕರಣದ ವೇಳೆ ಯಂತ್ರ ಅವನ್ನು ಓದದಿರಬಹುದು. ಅಂತಹ ಸಂದರ್ಭದಲ್ಲಿ ಈ ಕೆಳಗಿನಂತೆ ಪ್ರಯತ್ನಿಸಲು ಕೋರಲಾಗಿದೆ.

– ಕೈಗಳನ್ನು ತೊಳೆದು ಒರೆಸಿಕೊಂಡು, ಓದುವ ಯಂತ್ರದ ಗಾಜನ್ನು ಸ್ವಚ್ಛಗೊಳಿಸಿ ಮತ್ತೊಮ್ಮೆ ಪ್ರಯತ್ನಿಸುವುದು.
– ಹೆಬ್ಬೆರಳು ಹೊಂದದಿದ್ದಲ್ಲಿ ಉಳಿದ ಬೆರಳುಗಳನ್ನು ಒಂದೊಂದಾಗಿ ಪರೀಕ್ಷಿಸುವುದು.
– ಆಧಾರ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಕೊಂಡಿದ್ದಲ್ಲಿ ಅದನ್ನು ತೆರೆಯುವುದು.
– ಸೌಲಭ್ಯವಿರುವ ಕಡೆ ಓಟಿಪಿ, ಕಣ್ಣಿನ ಪಾಪೆ ಅಥವಾ ಮುಖದ ದೃಢೀಕರಣವನ್ನು ಕೋರುವುದು.
– ಆಧಾರ್ ನೋಂದಣಿ ಕೇಂದ್ರದಲ್ಲಿ ಬೆರಳಚ್ಚು ಹಾಗೂ ಮೊಬೈಲ್ ಸಂಖ್ಯೆಯನ್ನು ನವೀಕರಿಸಿಕೊಳ್ಳುವುದು.

"ಲಾಗಿನ್ ಸರಿಪಡಿಸಿಕೊಡುತ್ತೇವೆ", "ಪ್ರಮಾಣಪತ್ರ ಬೇಗ ಕೊಡಿಸುತ್ತೇವೆ" ಎಂದು ದೂರವಾಣಿ ಕರೆ ಮಾಡಿ ಓಟಿಪಿ ಕೇಳುವವರಿಗೆ ಅದನ್ನು ತಿಳಿಸಬಾರದು. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

8. ಪ್ರಮಾಣಪತ್ರ ಕೈಸೇರಿದ ನಂತರ

ನಾಡಕಚೇರಿಯ ಪ್ರಮಾಣಪತ್ರದ ಮೇಲೆ ಆರ್‌ಡಿ ಅಕ್ಷರಗಳಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ವೃತ್ತಿಪರ ಕೋರ್ಸುಗಳ ಪ್ರವೇಶದ ವೇಳೆ ಈ ಸಂಖ್ಯೆಯನ್ನು ನಮೂದಿಸಬೇಕಾಗುವುದರಿಂದ ಅದನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಬೇಕು. ಈ ಸಂಖ್ಯೆಯ ಮೂಲಕ ನಾಡಕಚೇರಿಯ ಜಾಲತಾಣದಲ್ಲಿ ಪ್ರಮಾಣಪತ್ರದ ನೈಜತೆಯನ್ನು ಪರಿಶೀಲಿಸಬಹುದು.

ಡಿಜಿಟಲ್ ಸಹಿ ಇರುವ ಪಿಡಿಎಫ್ ಕಡತವನ್ನು ತೆರೆದಾಗ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಪತ್ರ ಸುಳ್ಳೆಂದು ಭಾವಿಸಬೇಕಾಗಿಲ್ಲ. ಭಾರತದ ಮೂಲ ಪ್ರಮಾಣೀಕರಣ ಪ್ರಾಧಿಕಾರದ ಪ್ರಮಾಣಪತ್ರವನ್ನು ಆ ಗಣಕಯಂತ್ರದ ನಂಬಿಕೆಯ ಪಟ್ಟಿಗೆ ಸೇರಿಸದಿರುವುದರಿಂದ ಸಾಮಾನ್ಯವಾಗಿ ಹೀಗಾಗುತ್ತದೆ. ಸಹಿಯಾದ ನಂತರ ಕಡತವನ್ನು ತಿದ್ದಲಾಗಿದೆ ಎಂಬ ಸಂದೇಶ ಬಂದಲ್ಲಿ ಮಾತ್ರ ಅಂತಹ ಪ್ರತಿಯನ್ನು ಬಳಸದೆ, ಜಾಲತಾಣದಿಂದ ಹೊಸ ಪ್ರತಿಯನ್ನು ಪಡೆಯಬೇಕು.

9. ನೆನಪಿಡಬೇಕಾದ ಅಂಶಗಳು

– ಸ್ವೀಕೃತಿ ಸಂಖ್ಯೆ ಪಡೆಯದೆ ಹಿಂದಿರುಗಬಾರದು. ಒಂದು ಮಾರ್ಗ ಮುಚ್ಚಿದ್ದಲ್ಲಿ ಮತ್ತೊಂದು ಮಾರ್ಗದಿಂದ ಅದೇ ದಿನ ಅರ್ಜಿ ಸಲ್ಲಿಸಬೇಕು.
– ಸಹಿಗಾಗಿ ಬಾಕಿ ಇರುವ ಅರ್ಜಿಯನ್ನು ಬಿಟ್ಟು ಹೊಸ ಅರ್ಜಿ ಹಾಕಬಾರದು.
– ಅಧಿಕಾರಿಯ ಕೀಲಿಯನ್ನು ಬೇರೆಯವರು ಬಳಸುವಂತೆ ಒತ್ತಾಯಿಸಬಾರದು.
– ಪ್ರವೇಶ, ವಿದ್ಯಾರ್ಥಿವೇತನ ಅಥವಾ ಸಾಲದ ಕೊನೆಯ ದಿನಾಂಕ ಹತ್ತಿರ ಬರುವವರೆಗೆ ಕಾಯದೆ ಸಾಕಷ್ಟು ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.